ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು? ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಮಗಳ ಬಾಣಂತನಕ್ಕೆಂದೋ, ಮಗನ ಹೊಸ ಮನೆಯ ಗೃಹಪ್ರವೇಶಕ್ಕೆಂದೋ ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಹೊರಟರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ‘ಎಷ್ಟು ಗಂಟೆ ಆಗುತ್ತೆ?’ ಒಬ್ಬರು ಹದಿನಾರು ಎನ್ನುತ್ತಾರೆ. ಇನ್ನೊಬ್ಬರು ಇಪ್ಪತ್ಮೂರು ಎನ್ನುತ್ತಾರೆ. ಟಿಕೆಟ್ ನೋಡಿದರೆ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಇಳಿದ ಹಾಗೆ ಕಾಣುತ್ತದೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಒಬ್ಬೊಬ್ಬರು ಒಂದೊಂದನ್ನು ಎಣಿಸುತ್ತಿದ್ದಾರೆ, ಅಷ್ಟೇ.

ದೂರ ಒಂದು ಲೆಕ್ಕ. ವಿಮಾನ ಹಾರುವ ಹೊತ್ತು ಇನ್ನೊಂದು. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಆಗುವ ಪ್ರಯಾಣ ಮೂರನೆಯದು. ಇವನ್ನು ಬೇರೆ ಬೇರೆ ಇಟ್ಟುಕೊಂಡರೆ ಗೊಂದಲ ಮುಗಿಯುತ್ತದೆ. ವಯಸ್ಸಾದವರ ಮೈಗೆ ತಟ್ಟುವುದು ಮೂರನೆಯ ಲೆಕ್ಕ. ಆದರೆ ಟಿಕೆಟ್ ತೆಗೆಯುವಾಗ ಹೆಚ್ಚಿನವರು ನೋಡುವುದು ಎರಡನೆಯದನ್ನು ಮಾತ್ರ. ಇಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ದಾರಿಯನ್ನು ಉದಾಹರಣೆಯಾಗಿ ಹಿಡಿದು ಮೂರನ್ನೂ ಮಾಡಿ ತೋರಿಸುತ್ತೇನೆ. ಊರುಗಳ ಹೆಸರು ಬದಲಿಸಿದರೆ ಇದೇ ವಿಧಾನ ಬೇರೆ ಯಾವ ಎರಡು ಏರ್‌ಪೋರ್ಟ್‌ಗಳಿಗೂ ಹೊಂದುತ್ತದೆ.

ಹೆಜ್ಜೆ 1: ಯಾವ ಏರ್‌ಪೋರ್ಟ್ ಎಂದು ಖಚಿತ ಮಾಡಿಕೊಳ್ಳಿ

ಊರಿನ ಹೆಸರು ಸಾಲದು, ಏರ್‌ಪೋರ್ಟಿನ ಮೂರಕ್ಷರದ ಕೋಡ್ ಬೇಕು. ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ್ದು ಬಿಎಲ್‌ಆರ್. ಸ್ಯಾನ್ ಫ್ರಾನ್ಸಿಸ್ಕೋದ್ದು ಎಸ್‌ಎಫ್‌ಓ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಬೇ ಏರಿಯಾದಲ್ಲಿ ಇನ್ನೂ ಎರಡು ದೊಡ್ಡ ಏರ್‌ಪೋರ್ಟ್‌ಗಳಿವೆ: ಸ್ಯಾನ್ ಹೋಸೆ ಮತ್ತು ಓಕ್‌ಲ್ಯಾಂಡ್. ಸನಿವೇಲ್, ಕ್ಯುಪರ್ಟಿನೋ ಕಡೆ ಇರುವವರಿಗೆ ಸ್ಯಾನ್ ಹೋಸೆ ಹತ್ತಿರ. ಆದರೆ ದೂರ ದೇಶದಿಂದ ಬರುವ ಫ್ಲೈಟ್‌ಗಳಲ್ಲಿ ಹೆಚ್ಚಿನವು ಇಳಿಯುವುದು ಎಸ್‌ಎಫ್‌ಓನಲ್ಲಿ.

ಒಂದು ಎಚ್ಚರಿಕೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಕೋಡ್ ಎಸ್‌ಜೆಸಿ. ಎಸ್‌ಜೆಓ ಎಂದರೆ ಮಧ್ಯ ಅಮೆರಿಕದ ಕೋಸ್ಟಾ ರಿಕಾದಲ್ಲಿರುವ ಸ್ಯಾನ್ ಹೋಸೆ. ಒಂದೇ ಅಕ್ಷರ ತಪ್ಪಿದರೆ ಬೇರೆ ದೇಶ. ಬುಕ್ ಮಾಡುವಾಗ ಕೋಡನ್ನು ಎರಡು ಸಲ ಓದಿ.

ಹೆಜ್ಜೆ 2: ದೂರ ಅಳೆಯಿರಿ

ಗೋಡೆಗೆ ತೂಗುಹಾಕಿದ ಪ್ರಪಂಚ ಭೂಪಟದಲ್ಲಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಸ್ಕೇಲಿಟ್ಟು ಗೆರೆ ಎಳೆಯಬೇಡಿ. ಉಂಡೆಯಾದ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದಾಗ ಧ್ರುವದ ಕಡೆಯ ಜಾಗಗಳು ವಿಪರೀತ ಹಿಗ್ಗುತ್ತವೆ. ಹಾಗಾಗಿ ಹಾಳೆಯ ಮೇಲಿನ ನೇರ ಗೆರೆ ನಿಜವಾದ ಹತ್ತಿರದ ದಾರಿ ಆಗಿರುವುದಿಲ್ಲ.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ. ಈಗ ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ತಾನಾಗಿಯೇ ಜಾರಿ ಉತ್ತರಕ್ಕೆ ಹೋಗಿ ನಿಲ್ಲುತ್ತದೆ. ಹಾಗೆ ನಿಂತ ದಾರವೇ ಅತಿ ಹತ್ತಿರದ ದಾರಿ. 30 ಸೆಂಟಿಮೀಟರ್ ಅಡ್ಡಳತೆಯ ಗ್ಲೋಬ್ ಆದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿಲೋಮೀಟರ್. ದಾರ ಸುಮಾರು 33 ಸೆಂಟಿಮೀಟರ್ ಬರುತ್ತದೆ. ಗುಣಿಸಿದರೆ 14,025 ಕಿಲೋಮೀಟರ್. ಕಂಪ್ಯೂಟರ್ ಕೊಡುವ ಉತ್ತರಕ್ಕೂ ಇದಕ್ಕೂ ವ್ಯತ್ಯಾಸ ಬಹಳ ಕಡಿಮೆ!

ಇನ್ನೂ ಖಚಿತವಾಗಿ ಬೇಕು ಎನ್ನುವವರು ಮೊಬೈಲಿನ ಸೈಂಟಿಫಿಕ್ ಕ್ಯಾಲ್ಕುಲೇಟರ್ ತೆಗೆಯಿರಿ. ಡಿಗ್ರಿ ಮೋಡ್‌ನಲ್ಲಿದೆಯಾ ನೋಡಿಕೊಳ್ಳಿ. ಬೇಕಾದ ಅಂಕಿಗಳು ಇವು:

ಬೆಂಗಳೂರು: ಅಕ್ಷಾಂಶ 13.2 ಉತ್ತರ, ರೇಖಾಂಶ 77.7 ಪೂರ್ವ.
ಸ್ಯಾನ್ ಫ್ರಾನ್ಸಿಸ್ಕೋ: ಅಕ್ಷಾಂಶ 37.6 ಉತ್ತರ, ರೇಖಾಂಶ 122.4 ಪಶ್ಚಿಮ.

ಮೊದಲು ರೇಖಾಂಶಗಳ ವ್ಯತ್ಯಾಸ. ಒಂದು ಪೂರ್ವ, ಒಂದು ಪಶ್ಚಿಮ ಆದ್ದರಿಂದ ಕೂಡಬೇಕು: 77.7 + 122.4 = 200.1. ಇದು 180ಕ್ಕಿಂತ ಜಾಸ್ತಿ. ಅಂದರೆ ಭೂಮಿಯ ಆ ಕಡೆಯಿಂದ ಸುತ್ತುವುದೇ ಹತ್ತಿರ. 360ರಿಂದ ಕಳೆಯಿರಿ, 159.9 ಬಂತು.

ಆಮೇಲೆ ಎರಡು ಗುಣಾಕಾರ. ಮೊದಲನೆಯದು ಎರಡೂ ಅಕ್ಷಾಂಶಗಳ ಸೈನ್: ಸೈನ್ 13.2 × ಸೈನ್ 37.6 = 0.1393. ಎರಡನೆಯದು ಎರಡೂ ಅಕ್ಷಾಂಶಗಳ ಕೊಸೈನ್ ಮತ್ತು ರೇಖಾಂಶ ವ್ಯತ್ಯಾಸದ ಕೊಸೈನ್: 0.9736 × 0.7923 × (−0.9391) = −0.7244. ಎರಡನ್ನೂ ಕೂಡಿಸಿದರೆ −0.5851. ಇದರ ವಿಲೋಮ ಕೊಸೈನ್ ತೆಗೆದರೆ 125.81 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ ಸುಮಾರು 111.2 ಕಿಲೋಮೀಟರ್. 125.81 × 111.2 = 13,990 ಕಿಲೋಮೀಟರ್.

ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ದಾರಿಯಲ್ಲಿ ನೇರ ಫ್ಲೈಟ್ ಶುರು ಮಾಡಿದಾಗ ಪತ್ರಿಕೆಗಳಲ್ಲಿ ಬಂದ ಅಂಕಿ 13,993. ಪಿಯುಸಿಯಲ್ಲಿ ಕಲಿತ ತ್ರಿಕೋನಮಿತಿ ಇಷ್ಟು ಹತ್ತಿರ ತಂದು ನಿಲ್ಲಿಸುತ್ತದೆ ಎನ್ನುವುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ. ಮೂರು ಕಿಲೋಮೀಟರ್ ವ್ಯತ್ಯಾಸಕ್ಕೂ ಕಾರಣ ಇದೆ. ಭೂಮಿ ಪೂರ್ತಿ ಉಂಡೆ ಅಲ್ಲ, ಧ್ರುವಗಳ ಬಳಿ ಸ್ವಲ್ಪ ಚಪ್ಪಟೆ. ಜೊತೆಗೆ ನಾವು ಅಂಕಿಗಳನ್ನು ಒಂದು ದಶಮಾಂಶಕ್ಕೆ ಮೊಟಕು ಮಾಡಿದ್ದೇವೆ.

ಇಷ್ಟೆಲ್ಲ ಬೇಡ ಎಂದರೆ ‘ಗ್ರೇಟ್ ಸರ್ಕಲ್ ಮ್ಯಾಪರ್’ ಎಂಬ ವೆಬ್‌ಸೈಟಿಗೆ ಹೋಗಿ ಎರಡು ಕೋಡ್ ಹಾಕಿ. ದೂರವೂ ಬರುತ್ತದೆ, ನಕ್ಷೆಯೂ ಬರುತ್ತದೆ. ಉತ್ತರ ಮೈಲಿಯಲ್ಲಿದ್ದರೆ 1.609ರಿಂದ ಗುಣಿಸಿ. ನಾಟಿಕಲ್ ಮೈಲಿ ಆದರೆ 1.852ರಿಂದ.

ಹೆಜ್ಜೆ 3: ದಾರಿ ಎಲ್ಲೆಲ್ಲಿ ಹೋಗುತ್ತದೆ ನೋಡಿ

ಆ ದಾರದ ಜಾಡು ಹಿಡಿದು ಹೋಗೋಣ. ಬೆಂಗಳೂರಿನಿಂದ ಹೊರಟ ಗೆರೆ ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ. ಉತ್ತರಕ್ಕೆ, ಒಂಚೂರು ಬಲಕ್ಕೆ ವಾಲಿಕೊಂಡು ಏರುತ್ತದೆ. ನೇಪಾಳದಲ್ಲಿ ಅನ್ನಪೂರ್ಣ ಶಿಖರದ ಆಸುಪಾಸಿನಲ್ಲಿ ಹಿಮಾಲಯ ದಾಟುತ್ತದೆ. ಟಿಬೆಟ್, ಮಂಗೋಲಿಯಾದ ಪಶ್ಚಿಮ ಅಂಚು, ಆಮೇಲೆ ಸೈಬೀರಿಯಾ. ಅರ್ಧ ದಾರಿ ಮುಗಿಯುವುದು ರಷ್ಯಾದ ಯಾಕೂಟಿಯಾದಲ್ಲಿ. ಅಲ್ಲಿಂದ ಆರ್ಕ್ಟಿಕ್ ಅಂಚನ್ನು ಸವರಿಕೊಂಡು, 71 ಡಿಗ್ರಿ ಉತ್ತರದವರೆಗೆ ಹೋಗಿ, ಅಲಾಸ್ಕಾದ ಡೆನಾಲಿ ಪರ್ವತದ ಹತ್ತಿರ ಹಾದು ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ.

ಆದರೆ ವಿಮಾನ ಈ ಗೆರೆಯ ಮೇಲೇ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯನ್ನು ವಿಮಾನಗಳು ಆದಷ್ಟು ತಪ್ಪಿಸುತ್ತವೆ. ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಇಳಿದುಹೋದರೆ ವಿಮಾನ ತಕ್ಷಣ ಸುಮಾರು 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಇನ್ನು ರಾಜಕೀಯದ ಅಡ್ಡಿ ಬೇರೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ವಿಮಾನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಅದರ ಬಿಸಿ ಹೆಚ್ಚು ತಟ್ಟಿದ್ದು ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಫ್ಲೈಟ್‌ಗಳಿಗೆ. ಬೆಂಗಳೂರಿನಿಂದ ದುಬೈಗೆ ಹೋಗುವವರು ಅರಬ್ಬಿ ಸಮುದ್ರದ ಮೇಲೆ ಹೋಗುತ್ತಾರೆ, ಅವರಿಗೆ ಅಷ್ಟು ತೊಂದರೆ ಇಲ್ಲ.

ದಾರಿ ದೂರವಾದಷ್ಟೂ ಅಕಸ್ಮಾತ್ ಇಳಿಯಬೇಕಾದ ಜಾಗಗಳೂ ವಿಚಿತ್ರ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಇಂಥದ್ದು ಅಪರೂಪ. ಆದರೂ ಕೈಚೀಲದಲ್ಲಿ ಎರಡು ದಿನಕ್ಕಾಗುವಷ್ಟು ಮಾತ್ರೆ, ಒಂದು ಸ್ವೆಟರ್ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಒಟ್ಟಿನಲ್ಲಿ, ಅಳೆದ ದೂರಕ್ಕೆ ಶೇಕಡ 5ರಷ್ಟು ಸೇರಿಸಿಕೊಳ್ಳಿ. ನಮ್ಮ ದಾರಿಗೆ ಅದು ಸುಮಾರು 14,700 ಕಿಲೋಮೀಟರ್ ಆಗುತ್ತದೆ.

ಹೆಜ್ಜೆ 4: ಹಾರುವ ಹೊತ್ತು

ಬೋಯಿಂಗ್ 777ರಂಥ ದೊಡ್ಡ ವಿಮಾನ ಎತ್ತರಕ್ಕೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿಲೋಮೀಟರ್ ಹೋಗುತ್ತದೆ. 14,700ನ್ನು 900ರಿಂದ ಭಾಗಿಸಿದರೆ 16.3, ಅಂದರೆ 16 ಗಂಟೆ 20 ನಿಮಿಷ. ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದು, ಗೇಟಿಗೆ ಬಂದು ನಿಲ್ಲುವುದು, ಇದಕ್ಕೆಲ್ಲ ಅರ್ಧ ಗಂಟೆ ಸೇರಿಸಿ. 16 ಗಂಟೆ 50 ನಿಮಿಷ ಆಯಿತು.

ಈಗ ಗಾಳಿ. 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಹರಿಯುವ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಇವು ಇನ್ನೂ ಬಿರುಸು. ಈ ಗಾಳಿ ಬೆನ್ನಿಗಿದ್ದರೆ ಎಷ್ಟು ಬೇಗ ತಲುಪಬಹುದು ಎನ್ನುವುದಕ್ಕೆ 2020ರ ಫೆಬ್ರವರಿಯ ಉದಾಹರಣೆ ಪ್ರಸಿದ್ಧ. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಸಾಮಾನ್ಯವಾಗಿ ಆರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಬ್ರಿಟಿಷ್ ಏರ್‌ವೇಸ್‌ನ ಒಂದು ಫ್ಲೈಟ್ ಅವತ್ತು ಐದು ಗಂಟೆಗೂ ಮುಂಚೆ ಲಂಡನ್ ಮುಟ್ಟಿತು.

ನಮ್ಮ ದಾರಿಗೆ ಬಂದರೆ, ಪೆಸಿಫಿಕ್ ಕಡೆಯಿಂದ ಸುತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ಸರಾಸರಿ ಗಂಟೆಗೆ 50 ಕಿಲೋಮೀಟರ್ ಸಹಾಯ ಸಿಕ್ಕಿತು ಎಂದುಕೊಂಡರೆ ವೇಗ 950, ಒಟ್ಟು ಹೊತ್ತು ಸುಮಾರು 16 ಗಂಟೆ. ವಾಪಸ್ ಬರುವಾಗ ಅಷ್ಟೇ ಗಾಳಿ ಎದುರು ಬಂದರೆ ವೇಗ 850, ಒಟ್ಟು 17 ಗಂಟೆ 50 ನಿಮಿಷ. ಹೋಗುವುದಕ್ಕೂ ಬರುವುದಕ್ಕೂ ಹತ್ತಿರ ಹತ್ತಿರ ಎರಡು ಗಂಟೆ ವ್ಯತ್ಯಾಸ! ಹಾಗಾಗಿ ‘ಹೋಗೋಕೆ ಹದಿನಾರು, ಬರೋಕೂ ಹದಿನಾರು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಲೆಕ್ಕ ಸರಿಯಿದೆಯಾ ಎಂದು ಪರೀಕ್ಷಿಸಲು ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರೇಡಾರ್24 ವೆಬ್‌ಸೈಟ್ ತೆರೆಯಿರಿ. ಫ್ಲೈಟ್ ನಂಬರ್ ಹಾಕಿದರೆ ಹಿಂದಿನ ಒಂದು ವಾರ ಅದು ನಿಜವಾಗಿ ಎಷ್ಟು ಹೊತ್ತು ಹಾರಿತು ಎಂದು ಕಾಣುತ್ತದೆ. ಅಲ್ಲಿರುವುದು ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವ ತನಕದ ಹೊತ್ತು. ಟಿಕೆಟ್‌ನಲ್ಲಿರುವುದು ಗೇಟಿನಿಂದ ಗೇಟಿಗೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ವ್ಯತ್ಯಾಸ ಸಹಜ. ಇಷ್ಟು ದೂರದ ನೇರ ಫ್ಲೈಟ್‌ಗಳು ಕಾಯಂ ಅಲ್ಲ, ವೇಳಾಪಟ್ಟಿಗೆ ಬರುತ್ತವೆ, ಹೋಗುತ್ತವೆ. ನೀವು ಹೋಗುವ ತಾರೀಖಿಗೆ ಇದೆಯಾ ಎಂದು ಮೊದಲು ನೋಡಿ.

ಹೆಜ್ಜೆ 5: ಗಡಿಯಾರದ ಲೆಕ್ಕ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಸುಮ್ನೆ ಒಂದರಿಂದ ಒಂದನ್ನು ಕಳೆದರೆ ಉತ್ತರ ತಪ್ಪು.

ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಹಿಂದೆ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ ಹಿಂದೆ. ಅವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಟ್ಟು, ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಕ್ಕಿಡುತ್ತಾರೆ. ನಮ್ಮಲ್ಲಿ ಈ ಪದ್ಧತಿ ಇಲ್ಲ.

ವಿಧಾನ ಸರಳ. ಎರಡೂ ಸಮಯವನ್ನು ಒಂದೇ ಊರಿನ ಗಡಿಯಾರಕ್ಕೆ ತನ್ನಿ, ಆಮೇಲೆ ಕಳೆಯಿರಿ. ಉದಾಹರಣೆಗೆ ಜನವರಿಯ ಒಂದು ದಿನ ಮಧ್ಯಾಹ್ನ 2:30ಕ್ಕೆ ಬೆಂಗಳೂರು ಬಿಟ್ಟು, ಅದೇ ತಾರೀಖು ಸಂಜೆ 5:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ತಲುಪುವ ಟಿಕೆಟ್ ಇದೆ ಎನ್ನೋಣ. ಮಧ್ಯಾಹ್ನ 2:30ರಿಂದ ಹದಿಮೂರೂವರೆ ಗಂಟೆ ಹಿಂದಕ್ಕೆ ಹೋದರೆ ಅಲ್ಲಿ ಆಗ ಅದೇ ದಿನದ ರಾತ್ರಿ 1 ಗಂಟೆ. ಒಂದರಿಂದ ಸಂಜೆ ಐದೂವರೆಗೆ ಹದಿನಾರೂವರೆ ಗಂಟೆ. ಟಿಕೆಟ್‌ನಲ್ಲಿ ಮೂರು ಗಂಟೆಯಂತೆ ಕಂಡದ್ದರ ನಿಜ ಇದು.

ಬರುವಾಗ ಉಲ್ಟಾ. 2021ರ ಆ ಮೊದಲ ನೇರ ಫ್ಲೈಟನ್ನೇ ತೆಗೆದುಕೊಳ್ಳಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಪೂರ್ತಿ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದ ಹಾರಾಟ ಅದು. ಜನವರಿ 9ರ ರಾತ್ರಿ 8:30ಕ್ಕೆ ಹೊರಟು ಜನವರಿ 11ರ ಬೆಳಗಿನ ಜಾವ 3:45ಕ್ಕೆ ಇಳಿಯಬೇಕು ಎಂದು ವೇಳೆ ಗೊತ್ತಾಗಿತ್ತು. ಅಲ್ಲಿಯ 9ರ ರಾತ್ರಿ ಎಂಟೂವರೆ ಎಂದರೆ ನಮ್ಮ 10ರ ಬೆಳಗ್ಗೆ ಹತ್ತು ಗಂಟೆ. ಅಲ್ಲಿಂದ 11ರ ನಸುಕಿನ 3:45ಕ್ಕೆ 17 ಗಂಟೆ 45 ನಿಮಿಷ. ಹೆಜ್ಜೆ 4ರಲ್ಲಿ ನಾವು ಗಾಳಿಗೆ ಎದುರಾಗಿ ಹಾಕಿದ ಲೆಕ್ಕಕ್ಕೆ ಬರೀ ಐದು ನಿಮಿಷ ಕಡಿಮೆ.

ಕರೆದುಕೊಂಡು ಬರಲು ಏರ್‌ಪೋರ್ಟಿಗೆ ಹೋಗುವವರು ಇದನ್ನು ಗಮನಿಸಿ. ಶನಿವಾರ ರಾತ್ರಿ ಅಲ್ಲಿ ಬಿಟ್ಟವರು ಇಲ್ಲಿಗೆ ಬರುವುದು ಸೋಮವಾರ ಬೆಳಗಿನ ಜಾವ. ಕ್ಯಾಬ್ ಬುಕ್ ಮಾಡಬೇಕಾದದ್ದು ಭಾನುವಾರ ಸರಿರಾತ್ರಿ ಕಳೆದ ಮೇಲಕ್ಕೆ.

ಹೆಜ್ಜೆ 6: ಮಧ್ಯೆ ಇಳಿದು ಹೋಗುವುದಾದರೆ

ದುಬೈ ಮೇಲೆ ಹೋದರೆ ಬೆಂಗಳೂರು–ದುಬೈ ಸುಮಾರು 2,700 ಕಿಲೋಮೀಟರ್, ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000. ಒಟ್ಟು 15,700. ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶದಲ್ಲಿವೆ. ಹಾಗಾಗಿ ಹತ್ತಿರದ ದಾರಿ ಧ್ರುವದ ಪಕ್ಕದಲ್ಲೇ ಹೋಗುತ್ತದೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,150, ಒಟ್ಟು ಸುಮಾರು 16,550. ಸಿಂಗಪುರ ಮೇಲೆ 3,180 ಮತ್ತು 13,590, ಒಟ್ಟು ಸುಮಾರು 16,770.

ಹಾರುವ ಹೊತ್ತನ್ನು ಕೂಡಿಸಿ, ಮಧ್ಯೆ ಮೂರು ಗಂಟೆ ಕಾಯುವುದನ್ನು ಸೇರಿಸಿದರೆ ಈ ಮೂರೂ ದಾರಿಗಳು 23–24 ಗಂಟೆಯ ಸುತ್ತ ಬರುತ್ತವೆ. ದೂರ ಸಾವಿರ ಕಿಲೋಮೀಟರ್ ಆಚೀಚೆ ಆದರೂ ಹೊತ್ತು ಅಷ್ಟೇನೂ ಬದಲಾಗುವುದಿಲ್ಲ. ಎಷ್ಟು ಹೊತ್ತು ಕಾಯಬೇಕು ಎನ್ನುವುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಹಾಗಾಗಿ ಟಿಕೆಟ್ ಹೋಲಿಸುವಾಗ ಕಿಲೋಮೀಟರ್ ಬಿಡಿ, ಲೇಓವರ್, ಅಂದರೆ ಮಧ್ಯೆ ಕಾಯುವ ಹೊತ್ತು, ನೋಡಿ.

ಒಂದೂವರೆ ಗಂಟೆಯ ಲೇಓವರ್ ಹಿರಿಯರಿಗೆ ಬೇಡವೇ ಬೇಡ. ಮೊದಲ ಫ್ಲೈಟ್ ಮುಕ್ಕಾಲು ಗಂಟೆ ತಡವಾದರೆ ಎರಡನೆಯದು ತಪ್ಪಿದ ಹಾಗೇ. ಮೂರರಿಂದ ನಾಲ್ಕು ಗಂಟೆ ಹದ. ಎಂಟು ಹತ್ತು ಗಂಟೆ ಆದರೆ ಕುರ್ಚಿಯಲ್ಲೇ ಮೈಕೈ ನೋವು. ಎರಡೂ ಫ್ಲೈಟ್ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಆಗ ಒಂದು ತಪ್ಪಿದರೂ ಇನ್ನೊಂದಕ್ಕೆ ಹತ್ತಿಸುವ ಜವಾಬ್ದಾರಿ ಕಂಪನಿಯದು. ನ್ಯೂಯಾರ್ಕ್, ಶಿಕಾಗೋ ಥರದ ಊರಿನಲ್ಲಿ ಮೊದಲು ಇಳಿದು, ಅಮೆರಿಕದೊಳಗೇ ಇನ್ನೊಂದು ಫ್ಲೈಟ್ ಹಿಡಿಯುವುದಾದರೆ ಇಮಿಗ್ರೇಷನ್ ಅಲ್ಲೇ ಆಗುತ್ತದೆ. ಲಗೇಜನ್ನೂ ಸಾಮಾನ್ಯವಾಗಿ ಅಲ್ಲೇ ಎತ್ತಿಕೊಂಡು ಮತ್ತೆ ಕೊಡಬೇಕು. ಅದಕ್ಕೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ.

ನೇರ ಫ್ಲೈಟೋ, ಇಳಿದು ಹೋಗುವುದೋ? ನನ್ನ ಅಭಿಪ್ರಾಯ ಹೇಳುತ್ತೇನೆ. ಕನ್ನಡ ಬಿಟ್ಟು ಬೇರೆ ಭಾಷೆ ಸಲೀಸಾಗಿ ಬರದ, ಮೊದಲ ಸಲ ಹೋಗುವ ಅಪ್ಪ ಅಮ್ಮನಿಗೆ ನೇರ ಫ್ಲೈಟ್ ಒಳ್ಳೆಯದು. ಮಧ್ಯೆ ಗೇಟು ಹುಡುಕುವ ಆತಂಕವೇ ಅವರನ್ನು ಅರ್ಧ ಸುಸ್ತು ಮಾಡುತ್ತದೆ. ಆದರೆ ಮಂಡಿನೋವು, ಕಾಲು ಊತ ಇರುವವರಿಗೆ ಹದಿನೇಳು ಗಂಟೆ ಒಂದೇ ಸೀಟು ಕಷ್ಟ. ಅಂಥವರಿಗೆ ಒಂದು ನಿಲುಗಡೆ ಇರುವ ಟಿಕೆಟ್ ತೆಗೆದು, ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಸಿಬ್ಬಂದಿಯೇ ಒಂದು ಗೇಟಿನಿಂದ ಇನ್ನೊಂದಕ್ಕೆ ಕರೆದೊಯ್ಯುತ್ತಾರೆ.

ಹೆಜ್ಜೆ 7: ಬಾಗಿಲಿಂದ ಬಾಗಿಲಿಗೆ

ಮೈಸೂರಿನ ಮನೆಯಿಂದ ಬೇ ಏರಿಯಾದ ಫ್ರೀಮಾಂಟ್‌ನ ಮನೆಗೆ ಲೆಕ್ಕ ಹಾಕೋಣ. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಏರ್‌ಪೋರ್ಟಿಗೆ ಹೋಗುತ್ತದೆ, ಸುಮಾರು ನಾಲ್ಕು ಗಂಟೆ. ದಾರಿಯಲ್ಲಿ ಟ್ರಾಫಿಕ್‌ಗೆಂದು ಒಂದು ಗಂಟೆ ಹೆಚ್ಚಿಗೆ ಇರಲಿ. ಹೆಬ್ಬಾಳದ ಕಡೆ ಗಾಡಿಗಳು ನಿಂತವೆಂದರೆ ನಿಂತವೇ. ಏರ್‌ಪೋರ್ಟಿನಲ್ಲಿ ಮೂರೂವರೆ ಗಂಟೆ ಮುಂಚೆ ಇರಬೇಕು, ಅಂತಾರಾಷ್ಟ್ರೀಯ ಫ್ಲೈಟ್‌ಗಳು ಎರಡನೇ ಟರ್ಮಿನಲ್‌ನಿಂದ. ಅಮೆರಿಕಕ್ಕೆ ಹೋಗುವವರಿಗೆ ಗೇಟಿನ ಬಳಿ ಇನ್ನೊಂದು ತಪಾಸಣೆ ಇರುವುದು ಸಾಮಾನ್ಯ. ಹಾರಾಟ ಹದಿನಾರೂವರೆ. ಅಲ್ಲಿ ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್ ಸೇರಿ ಒಂದೂವರೆ ಗಂಟೆ. ಕಾರಿನಲ್ಲಿ ಫ್ರೀಮಾಂಟ್‌ಗೆ ಒಂದು ಗಂಟೆ, ಸಂಜೆಯ ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ.

ಕೂಡಿಸಿ: 4 + 1 + 3.5 + 16.5 + 1.5 + 1 = 27.5 ಗಂಟೆ. ದುಬೈ ಮೇಲೆ ಹೋದರೆ 34 ಗಂಟೆ. ಅಪ್ಪ ಅಮ್ಮನಿಗೆ ಹೇಳಬೇಕಾದ ಸಂಖ್ಯೆ ಇದು. ಊಟ, ನಿದ್ದೆ, ಔಷಧ ಎಲ್ಲ ಇದರ ಮೇಲೆ ಯೋಜನೆ ಆಗಬೇಕು.

ಔಷಧದ ವಿಷಯ ಬೇರೆಯಾಗಿಯೇ ಹೇಳಬೇಕು. ‘ರಾತ್ರಿ ಊಟದ ಮೇಲೆ’ ಎಂಬ ಮಾತ್ರೆಗೆ ವಿಮಾನದಲ್ಲಿ ಅರ್ಥವಿಲ್ಲ. ಯಾವ ಊರಿನ ರಾತ್ರಿ? ಹೊರಡುವ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಪ್ರಯಾಣದ ಒಟ್ಟು ಗಂಟೆ ಹೇಳಿ, ಎಷ್ಟು ಗಂಟೆಗೊಮ್ಮೆ ಯಾವುದು ಎಂದು ಬರೆಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅತಿ ಮುಖ್ಯ. ಅಪ್ಪನ ಕೈಗಡಿಯಾರವನ್ನು ವಿಮಾನ ಇಳಿಯುವ ತನಕ ಬೆಂಗಳೂರಿನ ಸಮಯದಲ್ಲೇ ಬಿಡಿ, ಗಂಟೆ ಎಣಿಸಲು ಸುಲಭ. ಎರಡು ಗಂಟೆಗೊಮ್ಮೆ ಎದ್ದು ನಡುದಾರಿಯಲ್ಲಿ ನಾಲ್ಕು ಹೆಜ್ಜೆ ಓಡಾಡಲಿ, ನೀರು ಕುಡಿಯುತ್ತಿರಲಿ. ಬಹಳ ಹೊತ್ತು ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ.

ಆ ಕಡೆ ಕರೆದುಕೊಳ್ಳಲು ಬರುವ ಮಗನೋ ಮಗಳೋ ಟಿಕೆಟ್‌ನ ಸಮಯ ನಂಬಿ ಹೊರಡುವುದು ಬೇಡ. ಫ್ಲೈಟ್‌ರೇಡಾರ್‌ನಲ್ಲಿ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ನೋಡಿ, ಅದಕ್ಕೆ ಒಂದು ಗಂಟೆ ಸೇರಿಸಿ, ಆ ಹೊತ್ತಿಗೆ ಅಂತಾರಾಷ್ಟ್ರೀಯ ಟರ್ಮಿನಲ್‌ನ ಆಗಮನದ ಬಾಗಿಲಲ್ಲಿ ನಿಂತಿದ್ದರೆ ಆಯಿತು. ಹೊಸ ದೇಶದಲ್ಲಿ ಅಮ್ಮನ ಫೋನ್ ತಕ್ಷಣ ಕೆಲಸ ಮಾಡದೇ ಇರಬಹುದು. ‘ಹೊರಗೆ ಬಂದ ಕೂಡಲೇ ಬಾಗಿಲ ಪಕ್ಕದಲ್ಲೇ ನಿಂತಿರಿ, ಎಲ್ಲೂ ಹೋಗಬೇಡಿ, ನಾನೇ ಬರ್ತೀನಿ’ ಎಂದು ಹೊರಡುವ ಮುಂಚೆಯೇ ಹೇಳಿಡಿ. ಮನೆ ವಿಳಾಸ, ಫೋನ್ ನಂಬರ್ ಬರೆದ ಚೀಟಿ ಪಾಸ್‌ಪೋರ್ಟ್ ಜೊತೆಗೇ ಇರಲಿ. ಇಮಿಗ್ರೇಷನ್‌ನಲ್ಲಿ ಎಲ್ಲಿ ಉಳಿಯುತ್ತೀರಿ ಎಂದು ಕೇಳಿದಾಗಲೂ ಅದನ್ನೇ ತೋರಿಸಬಹುದು.